ಮನೆಯ ಕಂಪ್ಯೂಟರ್ ಸುರಕ್ಷತೆ: ಸಿದ್ಧ ಸಲಹೆಗಳ ಪರಿಶೀಲನೆ

ಶಾಲೆಯ ಕಂಪ್ಯೂಟರ್ ಕೊಠಡಿಯ ಗೋಡೆಯಲ್ಲಿ, ಕಂಪ್ಯೂಟರ್ ಕಲಿಕೆಯ ಪುಸ್ತಕಗಳ ಕೊನೆಯ ಅಧ್ಯಾಯದಲ್ಲಿ ಕಾಣುವ ಮೂರು ಸಲಹೆಗಳು ನಿಮಗೆ ಬಾಯಿಪಾಠವಾಗಿರಬಹುದು. ಒಂದು, ಅಪರಿಚಿತರ ಇ-ಮೇಲ್ ತೆರೆಯಬೇಡಿ. ಎರಡು, ಪಾಸ್‌ವರ್ಡನ್ನು ಆಗಾಗ ಬದಲಿಸಿ. ಮೂರು, ಆಂಟಿವೈರಸ್ ಹಾಕಿಸಿ. ಇವನ್ನು ಮಕ್ಕಳಿಗೆ ಹೇಳಿಕೊಡುವ ಮೊದಲು, ವಿಜ್ಞಾನದ ಬೇರೆ ಹೇಳಿಕೆಗಳಂತೆ ಇವನ್ನೂ ಒರೆಗೆ ಹಚ್ಚಿ ನೋಡುವುದು ಒಳ್ಳೆಯದು.

ಮೊದಲನೆಯದನ್ನು ನೋಡಿ. 2000ದ ಮೇ 4ರಂದು ಜಗತ್ತನ್ನು ಕಾಡಿದ 'ಐ ಲವ್ ಯು' ಎಂಬ ಹುಳು ಬಂದದ್ದು ಪರಿಚಿತರಿಂದಲೇ. ಒಂದು ಕಂಪ್ಯೂಟರನ್ನು ಹೊಕ್ಕೊಡನೆ ಅದು ಅಲ್ಲಿನ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತನ್ನ ಪ್ರತಿಯನ್ನು ಕಳುಹಿಸುತ್ತಿತ್ತು. ಹೀಗಾಗಿ ಪತ್ರ ಪಡೆದವರಿಗೆ ಕಂಡದ್ದು ಗೆಳೆಯನ ಹೆಸರು. 2017ರ ಮೇ 12ರಂದು ಹರಡತೊಡಗಿದ 'ವಾನ್ನಾಕ್ರೈ' ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯಾರೂ ಯಾವ ಪತ್ರವನ್ನೂ ತೆರೆಯದೆ, ವಿಂಡೋಸ್‌ನ ಒಂದು ದೋಷದ ಮೂಲಕ ಜಾಲದಲ್ಲಿ ತಾನೇ ಹರಿದು, ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಆದ್ದರಿಂದ 'ಯಾರಿಂದ ಬಂತು' ಎಂಬ ಪ್ರಶ್ನೆಯೊಂದೇ ಸಾಲದು. 'ಇದು ನನ್ನಿಂದ ಏನು ಮಾಡಿಸಲು ನೋಡುತ್ತಿದೆ' ಎಂದೂ ಕೇಳಬೇಕು.

ಎರಡನೆಯ ಸಲಹೆಯ ಕಥೆ ಇನ್ನೂ ಕುತೂಹಲಕರ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಗಾಗಿ 2003ರಲ್ಲಿ ಪಾಸ್‌ವರ್ಡ್ ನಿಯಮಗಳನ್ನು ಬರೆದವರು ಬಿಲ್ ಬರ್. ತಾವು ಹೇಳಿದ್ದರಲ್ಲಿ ಬಹುಭಾಗದ ಬಗ್ಗೆ ವಿಷಾದವಿದೆ ಎಂದು 2017ರಲ್ಲಿ ಅವರೇ ಹೇಳಿದರು. ಅದೇ ವರ್ಷ ಆ ಸಂಸ್ಥೆ, ಸೋರಿಕೆಯ ಸುಳಿವಿಲ್ಲದೆ ಪಾಸ್‌ವರ್ಡನ್ನು ನಿಗದಿತ ಅವಧಿಗೊಮ್ಮೆ ಬದಲಿಸಲು ಒತ್ತಾಯಿಸಬಾರದೆಂದು ತಿದ್ದಿಕೊಂಡಿತು. ಕಾರಣ ಸರಳ: ಪದೇ ಪದೇ ಬದಲಿಸಬೇಕಾದವರು ಕೊನೆಯ ಅಂಕಿಯೊಂದನ್ನು ಮಾತ್ರ ಹೆಚ್ಚಿಸುತ್ತಾರೆ.

ಬಲ ಇರುವುದು ಉದ್ದದಲ್ಲಿ. ಲೆಕ್ಕ ಹಾಕಿ ನೋಡಿ. ಇಂಗ್ಲಿಷಿನ 26 ಸಣ್ಣಕ್ಷರಗಳಿಂದ ಯಾದೃಚ್ಛಿಕವಾಗಿ ಆರಿಸಿದ 8 ಅಕ್ಷರಗಳ ಪಾಸ್‌ವರ್ಡಿಗೆ ಸಾಧ್ಯತೆಗಳು ಸುಮಾರು 20,882 ಕೋಟಿ. ಕದ್ದ ಪಾಸ್‌ವರ್ಡ್ ಕಡತದ ಮೇಲೆ ಸೆಕೆಂಡಿಗೆ 100 ಕೋಟಿ ಊಹೆ ಮಾಡುವ ಯಂತ್ರವಿದೆ ಎಂದುಕೊಂಡರೆ, ಎಲ್ಲವನ್ನೂ ಮುಗಿಸಲು ಮೂರೂವರೆ ನಿಮಿಷ ಸಾಕು. ಅಕ್ಷರಗಳು 12 ಆದರೆ ಕೆಲಸ 4.57 ಲಕ್ಷ ಪಟ್ಟಾಗುತ್ತದೆ, ಸುಮಾರು ಮೂರು ವರ್ಷ ಬೇಕು. ದಾಳವನ್ನು ಐದು ಬಾರಿ ಉರುಳಿಸಿದರೆ 7,776 ಫಲಿತಾಂಶಗಳು ಸಾಧ್ಯ. ಅಷ್ಟೇ ಪದಗಳ ಪಟ್ಟಿಯಿಂದ ಹೀಗೆ ದಾಳದ ಮೂಲಕ ಐದು ಪದ ಆರಿಸಿ ಜೋಡಿಸಿದರೆ ಅದೇ ಯಂತ್ರಕ್ಕೆ ಸುಮಾರು 900 ವರ್ಷ. ನೆನಪಿಡಲೂ ಸುಲಭ. ಆದರೆ ಆಯ್ಕೆ ದಾಳದ್ದೇ ಆಗಿರಬೇಕು. ಇಷ್ಟದೇವರು, ಮಗಳ ಹೆಸರು, ಹುಟ್ಟಿದ ವರ್ಷ ಸೇರಿದರೆ ಈ ಲೆಕ್ಕ ನಿಲ್ಲುವುದಿಲ್ಲ.

ಮೂರನೆಯ ಸಲಹೆ ತಪ್ಪಲ್ಲ, ಅಪೂರ್ಣ. ವಾನ್ನಾಕ್ರೈ ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ತೇಪೆ ಕೊಟ್ಟದ್ದು 2017ರ ಮಾರ್ಚ್ 14ರಂದು, ಅಂದರೆ ಸುಮಾರು ಎರಡು ತಿಂಗಳು ಮೊದಲೇ. ಅದನ್ನು ಹಾಕಿಕೊಂಡಿದ್ದ ಯಂತ್ರಗಳಿಗೆ ಆ ದೋಷದ ಬಾಗಿಲು ಮುಚ್ಚಿತ್ತು. ವಿಂಡೋಸ್ 8ರಿಂದೀಚೆಗೆ ಆಂಟಿವೈರಸ್ ಕಾರ್ಯಾಚರಣ ವ್ಯವಸ್ಥೆಯಲ್ಲೇ ಅಡಕವಾಗಿದೆ. ನೀವು ಕೇಳಬೇಕಾದ ಪ್ರಶ್ನೆ, ಆ ವ್ಯವಸ್ಥೆಗೆ ಇನ್ನೂ ತೇಪೆಗಳು ಬರುತ್ತಿವೆಯೇ ಎಂಬುದು. ವಿಂಡೋಸ್ 7ರ ಬೆಂಬಲ 2020ರ ಜನವರಿ 14ರಂದು, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ಹಳೆಯ ಯಂತ್ರ ಹೊಸ ವಿಂಡೋಸನ್ನು ತಾಳದಿದ್ದರೆ ಉಚಿತವಾದ ಲಿನಕ್ಸ್ ಇದೆ.

ಇನ್ನು ಸಿದ್ಧ ಪಟ್ಟಿಗಳು ಬಿಟ್ಟುಬಿಟ್ಟ ವಿಷಯಗಳಿಗೆ ಬರೋಣ. ನಗರದ ಕಚೇರಿಯನ್ನು ಮನಸ್ಸಿನಲ್ಲಿಟ್ಟು ಬರೆದ ಪಟ್ಟಿಯನ್ನು ಬ್ರಹ್ಮಾವರ ತಾಲ್ಲೂಕಿನ ಕೊಕ್ಕರ್ಣೆಯ ಒಂದು ಮನೆಗೆ ಅನ್ವಯಿಸಿ ನೋಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ವೈರಸ್ಸಿಗಿಂತ ಮೊದಲು ಒಳಬರುವುದು ಸಿಡಿಲಿನ ಪೆಟ್ಟು. ಯುಪಿಎಸ್ ಇದ್ದರೂ ತಾಮ್ರದ ದೂರವಾಣಿ ತಂತಿಯ ಮೂಲಕ ಅದು ಮೋಡೆಮ್ ಸೇರಬಲ್ಲದು. ಗಾಜಿನೆಳೆ ವಿದ್ಯುತ್ತನ್ನು ಸಾಗಿಸದು, ನಿಜ. ಆದರೆ ಅದರ ಪೆಟ್ಟಿಗೆಗೂ ಕರೆಂಟ್ ಬರುವುದು ಗೋಡೆಯ ಪ್ಲಗ್ಗಿನಿಂದಲೇ. ಆಕಾಶ ಕಪ್ಪಿಟ್ಟಾಗ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡುವುದು ಖರ್ಚಿಲ್ಲದ ಉಪಾಯ.

ಯಂತ್ರ ಹೋದರೆ ಇನ್ನೊಂದನ್ನು ಕೊಳ್ಳಬಹುದು. ತೀರಿಕೊಂಡ ಅಜ್ಜನ ಫೋಟೋ, ಜಮೀನಿನ ದಾಖಲೆಯ ಪ್ರತಿ, ನೀವು ವರ್ಷಗಟ್ಟಲೆ ಸಿದ್ಧಪಡಿಸಿದ ಪಾಠ ಟಿಪ್ಪಣಿ ಅಂಗಡಿಯಲ್ಲಿ ಸಿಗುವುದಿಲ್ಲ. ಇದಕ್ಕೆ 3-2-1 ಸೂತ್ರವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಿನಲ್ಲಿ. ಉಡುಪಿಯ ಅಕ್ಕನ ಮನೆಯಲ್ಲಿಟ್ಟ ಒಂದು ಹಾರ್ಡ್‌ಡಿಸ್ಕ್ ಆದೀತು. ಪ್ರತಿ ಮಾಡಿದೊಡನೆ ಡಿಸ್ಕನ್ನು ಬಿಚ್ಚಿಡಿ. ಸದಾ ಸಿಕ್ಕಿಸಿಟ್ಟರೆ ಸಿಡಿಲಾಗಲಿ, ಬೀಗ ಜಡಿಯುವ ವೈರಸ್ಸಾಗಲಿ ಅದನ್ನೂ ಬಿಡದು.

ಭಾಷೆಯ ಪ್ರಶ್ನೆ ಇದಕ್ಕಿಂತ ಚಿಕ್ಕದಲ್ಲ. ಪರದೆಯ ಎಚ್ಚರಿಕೆ ಇಂಗ್ಲಿಷಿನಲ್ಲಿದ್ದರೆ, ಅದನ್ನು ಓದಲಾಗದವರು ಪೆಟ್ಟಿಗೆ ತೊಲಗಲೆಂದು 'ಯೆಸ್' ಒತ್ತುತ್ತಾರೆ. ಇಲ್ಲಿ ಬಳಕೆದಾರರನ್ನು ದೂರುವುದು ಅನ್ಯಾಯ. ವಿಂಡೋಸ್‌ಗೂ ಲಿನಕ್ಸ್‌ಗೂ ಕನ್ನಡದ ಪರದೆ ಲಭ್ಯವಿದೆ. ಅದನ್ನು ಹಾಕಿಕೊಡುವುದೂ ಸುರಕ್ಷತೆಯ ಕೆಲಸವೇ.

ಕೊನೆಯದಾಗಿ, ಕಂಪ್ಯೂಟರಿಗೆ ಕೈ ಹಚ್ಚದೆ ಮನುಷ್ಯನನ್ನೇ ಮೋಸಗೊಳಿಸುವ ಕರೆಗಳು. 'ಡಿಜಿಟಲ್ ಅರೆಸ್ಟ್' ಎಂಬುದು ಭಾರತದ ಕಾನೂನಿನಲ್ಲಿ ಇಲ್ಲ. ಬ್ಯಾಂಕಿನವರೆಂದು ಹೇಳಿಕೊಂಡು ಪರದೆ ಹಂಚುವ ತಂತ್ರಾಂಶ ಹಾಕಿಸುವವರನ್ನು ಯಾವ ಆಂಟಿವೈರಸ್ಸೂ ತಡೆಯುವ ಭರವಸೆ ಕೊಡಲಾರದು. ಹಣ ಹೋದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈಯಿಂದ ಕೈಗೆ ದಾಟಿಬಿಡುತ್ತದೆ.

ಹಾಗಾದರೆ ಗೋಡೆಯ ಮೇಲೆ ಏನು ಬರೆಯಬೇಕು? ತೇಪೆ ಹಾಕಿ, ಉದ್ದದ ಪಾಸ್‌ವರ್ಡ್ ಬಳಸಿ, ಪ್ರತಿ ತೆಗೆದು ಬಿಚ್ಚಿಡಿ, ಅವಸರಪಡಿಸುವವರನ್ನು ನಂಬಬೇಡಿ. ಇವನ್ನೂ ನಿಮ್ಮ ವಿದ್ಯಾರ್ಥಿಗಳು ಪ್ರಶ್ನಿಸಲಿ. ಮನೆಯ ಕಂಪ್ಯೂಟರಿನಲ್ಲಿ ಕೊನೆಯ ತೇಪೆ ಯಾವ ದಿನ ಹಾಕಿದ್ದು, ಕೊನೆಯ ಪ್ರತಿ ಯಾವಾಗ ತೆಗೆದದ್ದು, ಆ ಪ್ರತಿ ತೆರೆಯುತ್ತದೆಯೇ ಎಂದು ನೋಡಿ ಬರೆದುಕೊಂಡು ಬರಲು ಹೇಳಿ. ತೆರೆದು ನೋಡದ ಪ್ರತಿಯನ್ನು ಪ್ರತಿಯೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ.