ಎಲ್ಲರ ರಕ್ತ ಕೆಂಪೇ, ಆದರೆ...

ಹೋದ ತಿಂಗಳು ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ಪೋಸ್ಟರ್ ಅಂಟಿಸಿದ್ದರು. ಎಲ್ಲರ ರಕ್ತವೂ ಒಂದೇ, ಬನ್ನಿ, ರಕ್ತದ ಕ್ಯಾನ್ಸರ್ ಬಂದವರಿಗೆ ಕಾಂಡಕೋಶ ದಾನಿಯಾಗಿ ಅಂತ. ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ನಾನೂ ಕೊಟ್ಟು ಬಂದೆ. ಕೆಲಸ ಒಳ್ಳೇದೇ. ನನ್ನ ತಕರಾರು ಆ ಮೊದಲ ಸಾಲಿನ ಮೇಲೆ.

ಈ ಕಸಿಗೆ ಮುಖ್ಯವಾಗಿ ಹೊಂದಬೇಕಾದ್ದು ಬ್ಲಡ್ ಗ್ರೂಪ್ ಅಲ್ಲ, ಎಚ್‌ಎಲ್‌ಎ. ನಮ್ಮದು ಯಾವುದು, ಹೊರಗಿನದು ಯಾವುದು ಅಂತ ರೋಗನಿರೋಧಕ ಕಣಗಳಿಗೆ ಗುರುತು ಹೇಳುವ ಈ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿವೆ. ಇವುಗಳ 40,000ಕ್ಕೂ ಹೆಚ್ಚು ರೂಪಗಳು ಪತ್ತೆಯಾಗಿವೆ. ಒಡಹುಟ್ಟಿದ ಒಬ್ಬರ ಜತೆ ಪೂರ್ತಿ ಹೊಂದುವ ಸಾಧ್ಯತೆಯೇ ಬರೀ 25%. ಅರ್ಧ ಹೊಂದಿಕೆಯ ಕಸಿಯೂ ಈಗ ನಡೆಯುತ್ತೆ, ಆದರೂ ಪೂರ್ತಿ ಹೊಂದುವ ದಾನಿಗಾಗಿ ಹುಡುಕಾಟ ತಪ್ಪಿಲ್ಲ.

ಹಾಗಾದರೆ 'ನಮ್ಮವರು' ಅಂದರೆ ಹೊಂದುತ್ತಾ? ಅದೂ ಅಷ್ಟು ಸುಲಭವಲ್ಲ. ನಮ್ಮೂರು ಹೊನ್ನವಳ್ಳಿ ಕಡೆಯ ತೆಂಗಿಗೆ ತಿಪಟೂರು ಟಾಲ್ ಅನ್ನೋದು ಒಂದೇ ಹೆಸರು. ಬೇರೆ ಮರದ ಪರಾಗ ಬಿದ್ದು ಕಾಯಿ ಕಟ್ಟುವ ಎತ್ತರದ ತಳಿ ಅದು. ಒಂದೇ ತೋಟದ ಎರಡು ಮರ ಒಂದೇ ಥರ ಇರಲ್ಲ. ಜಾತಿಯ ಹೆಸರೂ ಹಾಗೇ. ಮನುಷ್ಯರ ಜೀನ್ ವ್ಯತ್ಯಾಸದ ಬಹುಪಾಲು ಇರೋದು ಗುಂಪಿನ ಒಳಗೇ. ಆದರೆ ತಲೆಮಾರುಗಟ್ಟಲೆ ಒಂದೇ ವಲಯದೊಳಗೆ ಮದುವೆಯಾದರೆ ಕೆಲವು ಎಚ್‌ಎಲ್‌ಎ ಜೋಡಣೆಗಳು ಮತ್ತೆ ಮತ್ತೆ ಬರುತ್ತವೆ. ರಕ್ತಸಂಬಂಧದ ಮದುವೆ ಹೆಚ್ಚಿರುವ ಜೋರ್ಡಾನಿನಂಥ ಅರಬ್ ದೇಶಗಳಲ್ಲಿ ದೊಡ್ಡಪ್ಪ, ಅತ್ತೆ ಮಕ್ಕಳಲ್ಲೂ ದಾನಿ ಸಿಕ್ಕಿದ್ದುಂಟು. ಅಕ್ಕನ ಮಗಳನ್ನು ತಂದುಕೊಂಡ ನಮ್ಮ ಮನೆಗಳಿಗೂ ಈ ಮಾತು ಹತ್ತಿರದ್ದೇ.

ಅಂದರೆ ಪಟ್ಟಿಯಲ್ಲಿ ಎಷ್ಟು ಜನರಿದ್ದಾರೆ ಅನ್ನೋದಷ್ಟೇ ಅಲ್ಲ, ಎಲ್ಲಿಯವರಿದ್ದಾರೆ ಅನ್ನೋದೂ ಮುಖ್ಯ. ಜರ್ಮನಿಯ ಪಟ್ಟಿಯಲ್ಲಿ ಸುಮಾರು 1 ಕೋಟಿ ದಾನಿಗಳಿದ್ದಾರೆ. ನಮ್ಮಲ್ಲಿ ಕೆಲವೇ ಲಕ್ಷ. ನಾನು ಕಂಡ ಶಿಬಿರಗಳೆಲ್ಲ ಟೆಕ್ ಪಾರ್ಕಿನಲ್ಲೇ. ಕೊಬ್ಬರಿ ಹರಾಜಿನ ದಿನ ತಿಪಟೂರಿನ ಎಪಿಎಂಸಿಗೆ ಹೋದರೆ ಎಂಥೆಂಥ ಊರಿನ ಜನ ಸಿಗ್ತಾರೆ!

'ಎಲ್ಲರೂ ಒಂದೇ' ಅನ್ನೋ ಸಾಲಿನಿಂದ ಇನ್ನೊಂದು ನಷ್ಟವೂ ಇದೆ. ಎರಡು ವರ್ಷ ಬಿಟ್ಟು ಫೋನ್ ಬಂದಾಗ, 'ರಿಲೀಸ್ ಇದೆ ಸಾರ್, ಬೇರೆ ಯಾರನ್ನಾದರೂ ನೋಡಿ' ಅನ್ನೋಕೆ ಅದು ನೆಪ ಒದಗಿಸುತ್ತೆ. ಆಸ್ಪತ್ರೆಯ ಹಾಸಿಗೆಯ ಮೇಲಿರುವವರಿಗೆ ಆ 'ಬೇರೆ ಯಾರಾದರೂ' ಇಲ್ಲದೇ ಇರಬಹುದು. ಪೋಸ್ಟರಿನ ಮೊದಲ ಸಾಲು ಅದಾಗಬೇಕಿತ್ತು.