ತೆರೆಯ ಮೇಲೆ ಶರಣರು: ನಾಗಾಭರಣರ ಕಲಾಕಾಯಕದ ಒಂದು ವಿವೇಚನೆ

ನಮ್ಮ ಪ್ರಾಚೀನ ಆಲಂಕಾರಿಕರು ಕಾವ್ಯವನ್ನು ಶ್ರವ್ಯವೆಂದೂ ದೃಶ್ಯವೆಂದೂ ಎರಡಾಗಿ ವಿಂಗಡಿಸಿದರು. ಕಣ್ಣಿಗೂ ಕಿವಿಗೂ ಏಕಕಾಲದಲ್ಲಿ ಉಣಿಸನ್ನೀಯುವ ನಾಟಕವೇ ಇವೆರಡರಲ್ಲಿ ರಮ್ಯವಾದುದೆಂಬ ಅಭಿಪ್ರಾಯವೂ ರೂಢಿಯಲ್ಲಿದೆ. ಅವರ ಕಾಲದಲ್ಲಿ ದೃಶ್ಯವೆಂದರೆ ರಂಗಭೂಮಿಯೊಂದೇ. ಇಂದಾದರೋ ದೃಶ್ಯಕಾವ್ಯವು ಚಿತ್ರಮಂದಿರದ ಬೆಳ್ಳಿತೆರೆಯಿಂದ ಮನೆಯ ಪಡಸಾಲೆಯ ಪೆಟ್ಟಿಗೆಗೆ, ಅಲ್ಲಿಂದ ಅಂಗೈಯೊಳಗಿನ ಗಾಜಿನ ಫಲಕಕ್ಕೆ ಇಳಿದುಬಂದಿದೆ. ತೆರೆ ಕಿರಿದಾದಂತೆಲ್ಲ ದರ್ಶನವೂ ಕಿರಿದಾಗುತ್ತದೆಯೆ? ಈ ಮಾಧ್ಯಮಗಳಲ್ಲಿ ದುಡಿಯುವ ಕಲಾವಿದನ ಕಾಯಕವು ಒಂದಾಗಿಯೇ ಉಳಿಯುತ್ತದೆಯೆ, ಚೂರಾಗುತ್ತದೆಯೆ? ಈ ಪ್ರಶ್ನೆಯನ್ನು ನಮ್ಮ ನಾಡಿನ ಹಿರಿಯ ನಿರ್ದೇಶಕ ಟಿ. ಎಸ್. ನಾಗಾಭರಣರ ಕೃತಿಗಳನ್ನು ಮುಂದಿಟ್ಟುಕೊಂಡು ವಿವೇಚಿಸುವುದು ಈ ಲೇಖನದ ಉದ್ದೇಶ. ಶಿಶುನಾಳ ಶರೀಫರನ್ನೂ ಅಲ್ಲಮಪ್ರಭುದೇವರನ್ನೂ ತೆರೆಗೆ ತಂದವರು ಅವರೇ ಆದುದರಿಂದ ಈ ವಿವೇಚನೆ ನಮ್ಮ ಓದುಗರಿಗೆ ಹೊರಗಿನದೆನಿಸಲಾರದೆಂದು ನಂಬಿದ್ದೇವೆ.

ನಾಗಾಭರಣರು ಮೂಲತಃ ರಂಗಭೂಮಿಯ ಕೂಸು. ಬಿ. ವಿ. ಕಾರಂತರ 'ಬೆನಕ' ತಂಡದ ಗರಡಿಯಲ್ಲಿ ಪಳಗಿದವರು. ಮಠದೊಳಗಿನ ಅಧಿಕಾರದ ಆಟವನ್ನು ವಿಡಂಬಿಸುವ ಶ್ರೀರಂಗರ 'ಸತ್ತವರ ನೆರಳು' ಈ ತಂಡದ ಪ್ರಸಿದ್ಧ ಪ್ರಯೋಗ. ಮಠಾಧಿಪತಿಗಳು ಆ ನಾಟಕವನ್ನು ಒಮ್ಮೆಯಾದರೂ ನೋಡಬೇಕು. ನೋಡಿ ನಗಲಾರದವರು ಎರಡನೆಯ ಸಲವೂ ನೋಡಬೇಕು. ಇಂತಹ ರಂಗಪರಿಸರದಿಂದ ಬಂದ ತರುಣನು ೧೯೭೮ರ ತನ್ನ ಮೊದಲ ಚಿತ್ರ 'ಗ್ರಹಣ'ಕ್ಕೆ ಆಯ್ದುಕೊಂಡ ವಸ್ತು ಗಮನಾರ್ಹವಾದುದು. ಹಳ್ಳಿಯೊಂದರ ದೇವರ ಉತ್ಸವದ ದಿನಗಳಲ್ಲಿ ಮಾತ್ರ ದಲಿತರನ್ನು ಮೇಲಿನ ಜಾತಿಗೆ ಏರಿಸಿ, ಉತ್ಸವ ಮುಗಿದೊಡನೆ ಅವರನ್ನು ಮೊದಲಿನ ಸ್ಥಾನಕ್ಕೆ ಇಳಿಸುವ ಆಚರಣೆ ಅದರ ಕೇಂದ್ರ. ದೀಕ್ಷೆಯೆಂಬುದು ಮರಳಿ ಪಡೆಯಲಾಗದ ಸಂಸ್ಕಾರವೆಂದು ಬೋಧಿಸಿದ ಧರ್ಮದ ಅನುಯಾಯಿಗಳಾದ ನಮಗೆ, ಕೆಲವೇ ದಿನಗಳ ಮಟ್ಟಿಗೆ ಕೊಟ್ಟು ಕಿತ್ತುಕೊಳ್ಳುವ ಸಮಾನತೆಯ ಈ ಚಿತ್ರ ಕನ್ನಡಿಯಂತಿದೆ. ನಮ್ಮ ಊರುಗಳಲ್ಲಿ ಜಾತ್ರೆಯ ಪಂಕ್ತಿಯಲ್ಲಿ ಕಾಣುವ ಸಮಾನತೆ ಜಾತ್ರೆ ಮುಗಿದ ಮರುದಿನ ಎಲ್ಲಿರುತ್ತದೆ? ಆ ಚಿತ್ರಕ್ಕೆ ರಾಷ್ಟ್ರೀಯ ಭಾವೈಕ್ಯದ ಪ್ರಶಸ್ತಿಯೂ ಚಿತ್ರಕಥೆಯ ರಾಷ್ಟ್ರಪ್ರಶಸ್ತಿಯೂ ಸಂದವು. ಮುಂದೆ 'ಸಂತ ಶಿಶುನಾಳ ಶರೀಫ' ಮತ್ತು ೨೦೦೬ರ 'ಕಲ್ಲರಳಿ ಹೂವಾಗಿ' ಚಿತ್ರಗಳಿಗೂ ಭಾವೈಕ್ಯದ ಪ್ರಶಸ್ತಿಯೇ ದೊರೆತುದನ್ನು ನೋಡಿದರೆ, ಈ ಕಲಾವಿದನ ಕಾಯಕದಲ್ಲಿ ಹರಿದುಬಂದ ಒಳಸೆಲೆ ಯಾವುದೆಂಬುದು ತಾನಾಗಿ ವಿದಿತವಾಗುತ್ತದೆ.

ನಾವು ಮಠದ ಪ್ರಸಾದನಿಲಯದಲ್ಲಿದ್ದ ಕಾಲದಲ್ಲಿ ಬಯಲಾಟಕ್ಕೂ ಶರಣರ ನಾಟಕಗಳಿಗೂ ಹಿರಿಯರ ಅಡ್ಡಿಯಿರಲಿಲ್ಲ. ಚಲನಚಿತ್ರಕ್ಕೆ ಅಪ್ಪಣೆ ದೊರೆಯುವುದು ಮಾತ್ರ ದುರ್ಲಭವಾಗಿತ್ತು. ೧೯೯೦ರಲ್ಲಿ 'ಸಂತ ಶಿಶುನಾಳ ಶರೀಫ' ತೆರೆಕಂಡಾಗ ಹಿರಿಯರೇ ವಿದ್ಯಾರ್ಥಿಗಳನ್ನು ಸಾಲಾಗಿ ನಿಲ್ಲಿಸಿ ಕರೆದೊಯ್ದುದು ಇಂದಿಗೂ ನೆನಪಿದೆ. ಶ್ರೀಧರರು ಶರೀಫರಾಗಿ, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾಗಿ ಕಾಣಿಸಿಕೊಂಡ ಆ ಚಿತ್ರದ ಜೀವವಿರುವುದು ಸಿ. ಅಶ್ವತ್ಥರ ಸಂಗೀತದಲ್ಲಿ. ಶರೀಫರ ಪದಗಳನ್ನು ಕಥೆಯ ನಡುವಣ ಅಲಂಕಾರವಾಗಿ ಬಳಸದೆ, ಪದದಿಂದ ಪದಕ್ಕೆ ಕಥೆಯನ್ನೇ ನಡೆಸಿದುದು ನಿರ್ದೇಶಕರ ವಿವೇಕ. ಮುಸಲ್ಮಾನ ಶಿಷ್ಯನನ್ನು ಬ್ರಾಹ್ಮಣ ಗುರುವು ಸ್ವೀಕರಿಸಿದ ಸಂಗತಿಯನ್ನು ಉಪದೇಶದ ಭಾಷಣವಾಗಿಸದೆ, ಇಬ್ಬರು ಮನುಷ್ಯರ ನಡುವಣ ಸಲಿಗೆಯಾಗಿ ತೋರಿಸಿದುದು ಅದಕ್ಕಿಂತ ಮಿಗಿಲಾದ ವಿವೇಕ. ಕೊರತೆಯಿಲ್ಲವೆಂದಲ್ಲ. ಶರೀಫರ ಪದಗಳ ಒಳಗಿರುವ ಯೋಗದ ಪರಿಭಾಷೆ ಇಂಪಾದ ರಾಗದಲ್ಲಿ ತೇಲಿಹೋಗಿ, ಕೇಳುಗನಿಗೆ ಅರ್ಥದ ಗೊಡವೆಯೇ ಇಲ್ಲವಾಗುವ ಅಪಾಯ ಅಲ್ಲಿದೆ. ಆದರೂ ಆ ಪದಗಳು ಮನೆಮನೆಯ ಹಾಡಾದುದರಲ್ಲಿ ಆ ಚಿತ್ರದ ಪಾಲು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ.

ಇದೇ ನಿರ್ದೇಶಕರು ೧೯೯೨ರಲ್ಲಿ ಕೆ. ಎಸ್. ನರಸಿಂಹಸ್ವಾಮಿಯವರ ಕವಿತೆಗಳಿಂದ 'ಮೈಸೂರ ಮಲ್ಲಿಗೆ'ಯನ್ನು ಹೆಣೆದರು, ೧೯೯೩ರಲ್ಲಿ ತ. ರಾ. ಸು. ಅವರ ಕಾದಂಬರಿಗಳನ್ನು ಆಧರಿಸಿ ಡಾ. ರಾಜಕುಮಾರರೊಡನೆ 'ಆಕಸ್ಮಿಕ'ವನ್ನೂ, ಮಕ್ಕಳಿಗಾಗಿ 'ಚಿನ್ನಾರಿ ಮುತ್ತ'ವನ್ನೂ ಕೊಟ್ಟರು. ೧೯೯೬ರಲ್ಲಿ 'ಜನುಮದ ಜೋಡಿ'ಯಂತಹ ಜನಪ್ರಿಯ ಚಿತ್ರವನ್ನೂ, ಮರುವರ್ಷ ಕಾರ್ನಾಡರ ನಾಟಕದಿಂದ 'ನಾಗಮಂಡಲ'ವನ್ನೂ ನಿರ್ಮಿಸಿಕೊಟ್ಟರು. ಕಲಾತ್ಮಕ ಚಿತ್ರದಿಂದ ಹೊರಟವನು ಮಾರುಕಟ್ಟೆಗೆ ಇಳಿದನೆಂದು ಆಕ್ಷೇಪಿಸುವ ವಿಮರ್ಶಕರುಂಟು. ನಮಗೆ ಈ ಆಕ್ಷೇಪ ಅಷ್ಟಾಗಿ ಸರಿಕಾಣದು. ಹತ್ತು ಜನರ ಹಣವನ್ನೂ ನೂರು ಜನರ ಶ್ರಮವನ್ನೂ ಬೇಡುವ ಈ ಕಲೆಯಲ್ಲಿ, ಜನರು ಬಂದು ನೋಡಬೇಕೆಂದು ಬಯಸುವುದು ಅಪರಾಧವಲ್ಲ. ಕಾಯಕಜೀವಿಯಾದ ಶರಣನೂ ತಾನು ಮಾಡಿದ ವಸ್ತುವನ್ನು ಪೇಟೆಗೆ ಒಯ್ದು ಮಾರಿದವನೇ. ಅಳೆದು ಕೊಡುವಾಗ ಸುಳ್ಳು ಕೊಳಗ ಬಳಸಿದನೆ ಎಂಬುದಷ್ಟೇ ಪ್ರಶ್ನೆ. ಈ ಪರೀಕ್ಷೆಯಲ್ಲಿ ನಾಗಾಭರಣರು ಬಹುಮಟ್ಟಿಗೆ ಗೆದ್ದಿದ್ದಾರೆ.

ಇನ್ನು ದೂರದರ್ಶನದ ಮಾತು. ೧೯೮೬-೮೭ರಲ್ಲಿ ಶಂಕರನಾಗ್ ಅವರು ಆಗುಂಬೆಯನ್ನೇ ಮಾಲ್ಗುಡಿಯಾಗಿಸಿ ಆರ್. ಕೆ. ನಾರಾಯಣರ ಕಥೆಗಳನ್ನು ಹಿಂದಿಯ ಮೂಲಕ ಇಡೀ ದೇಶಕ್ಕೆ ತೋರಿಸಿದರು. ಅದೇ ನಾರಾಯಣರ ಕಾದಂಬರಿಯೊಂದನ್ನು ನಾಗಾಭರಣರು ೧೯೮೩ರಲ್ಲಿಯೇ 'ಬ್ಯಾಂಕರ್ ಮಾರ್ಗಯ್ಯ' ಎಂಬ ಚಿತ್ರವಾಗಿಸಿದ್ದರು. ೧೯೯೦ರಲ್ಲಿ ಅವರೂ 'ತೆನಾಲಿ ರಾಮ'ನೊಡನೆ ಹಿಂದಿಯ ದೂರದರ್ಶನಕ್ಕೆ ಬಂದರು. ೧೯೯೮ರಲ್ಲಿ ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಅವರು ಕೂಡಿ ನಿರ್ದೇಶಿಸಿದ 'ಮಾಯಾಮೃಗ'ವು ಧಾರಾವಾಹಿಯೆಂಬುದು ಕಾದಂಬರಿಯ ಗಾಂಭೀರ್ಯವನ್ನು ತಾಳಬಲ್ಲುದೆಂಬುದನ್ನು ತೋರಿಸಿಕೊಟ್ಟಿತು. ಆ ಮೂವರಲ್ಲಿ ಶೇಷಾದ್ರಿಯವರು ೨೦೦೦ದ 'ಮುನ್ನುಡಿ'ಯಿಂದ ಚಲನಚಿತ್ರಕ್ಕೆ ನಡೆದರು. ಸೀತಾರಾಮರು ಎರಡು ಕಡೆಗೂ ಓಡಾಡುತ್ತ, ೨೦೨೨ರಲ್ಲಿ 'ಮತ್ತೆ ಮಾಯಾಮೃಗ'ವೆಂದು ಹಳೆಯ ಕಥೆಯನ್ನು ಮುಂದುವರಿಸಿದರು. ಹೀಗೆ ಮಾಧ್ಯಮದಿಂದ ಮಾಧ್ಯಮಕ್ಕೆ ಸಂಚರಿಸುವುದು ಜಂಗಮಲಕ್ಷಣವೇ ಸರಿ.

ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದನು. ಪ್ರತಿಯೊಂದು ಮಾಧ್ಯಮಕ್ಕೂ ತನ್ನದೇ ಆದ ಔಚಿತ್ಯವುಂಟು. ಚಲನಚಿತ್ರದ ಔಚಿತ್ಯ ಏಕಾಗ್ರತೆಯಲ್ಲಿದೆ: ಕತ್ತಲಲ್ಲಿ ನೂರಾರು ಜನರು ಎರಡೂವರೆ ಗಂಟೆ ಒಂದೇ ಬೆಳಕನ್ನು ನೋಡುತ್ತಾರೆ. ಧಾರಾವಾಹಿಯ ಔಚಿತ್ಯ ಪುನರಾಗಮನದಲ್ಲಿದೆ: ನೆರೆಮನೆಯವರಂತೆ ಪಾತ್ರಗಳು ದಿನವೂ ಮನೆಗೆ ಬರುತ್ತವೆ, ಮಾತನಾಡುತ್ತವೆ, ಹೋಗುತ್ತವೆ. ಅಲ್ಲಿ ಬಿಂಬಕ್ಕಿಂತ ಸಂಭಾಷಣೆಗೆ ಬೆಲೆ. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ೨೦೧೭ರ 'ಅಲ್ಲಮ' ಚಿತ್ರವನ್ನು ನೋಡಬೇಕು.

ಪ್ರಭುದೇವರ ಚರಿತ್ರೆಯನ್ನು ಹೇಳಹೊರಟವನ ಮುಂದೆ ಎರಡು ದಾರಿಗಳಿವೆ. ಹರಿಹರನ ರಗಳೆಯಲ್ಲಿ ಅಲ್ಲಮನು ಕಾಮಲತೆಯನ್ನು ಒಲಿದು, ಅವಳನ್ನು ಕಳೆದುಕೊಂಡು, ದುಃಖದಲ್ಲಿ ಅಲೆದು, ಅನಿಮಿಷಯ್ಯನ ಕರಸ್ಥಲದ ಲಿಂಗವನ್ನು ಪಡೆಯುತ್ತಾನೆ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಿಯಾದರೋ ಮಾಯೆಯೇ ರೂಪುದಳೆದು ಬಂದು ಅಲ್ಲಮನನ್ನು ಗೆಲ್ಲಲಾರದೆ ಹಿಂದಿರುಗುತ್ತಾಳೆ. ಮೊದಲನೆಯದು ಮನುಷ್ಯನು ಶರಣನಾದ ಕಥೆ. ಎರಡನೆಯದು ಶರಣನು ಮನುಷ್ಯರ ನಡುವೆ ಆಡಿದ ಲೀಲೆ. ನಾಗಾಭರಣರ ಚಿತ್ರದಲ್ಲಿ ಧನಂಜಯರ ಅಲ್ಲಮನಿಗೆ ಎದುರಾಗಿ ಮೇಘನಾ ರಾಜ್ ಅವರ ಮಾಯೆ ನಿಲ್ಲುತ್ತಾಳೆ. ಧನಂಜಯರ ಅಭಿನಯದಲ್ಲಿ ಸಂಯಮವಿದೆ, ಕಣ್ಣುಗಳಲ್ಲಿ ಹುಡುಕಾಟವಿದೆ. ಆದರೆ ಕ್ಯಾಮೆರಾವೆಂಬುದು ಸ್ವಭಾವತಃ ರೂಪದ ದಾಸ. ರೂಪವನ್ನು ತೋರಿಸದೆ ಅದಕ್ಕೆ ಗತ್ಯಂತರವಿಲ್ಲ. ಮಾಯೆಯನ್ನು ತೋರಿಸುವಾಗ ಅದು ಸಮರ್ಥ. ಮಾಯೆಯನ್ನು ಮೀರಿದ ಬಯಲನ್ನು ತೋರಿಸುವಾಗ ಅದರ ಕೈ ಬರಿದು.

ಈ ಕಷ್ಟವನ್ನು ನಿರ್ದೇಶಕರು ಅರಿತಿದ್ದರೆಂಬುದಕ್ಕೆ ಅವರು ನಾದದ ಮೊರೆಹೊಕ್ಕುದೇ ಸಾಕ್ಷಿ. ಅಲ್ಲಮನು ಮದ್ದಳೆಯ ಬಲ್ಲಿದನಷ್ಟೆ! ಕೊಳಲುವಾದಕ ಬಾಪು ಪದ್ಮನಾಭರ ಹಿನ್ನೆಲೆ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಸಂದುದು ಯೋಗ್ಯವೇ ಆಗಿದೆ. ಕಣ್ಣು ಸೋತೆಡೆಯಲ್ಲಿ ಕಿವಿ ಆ ಚಿತ್ರವನ್ನು ಕಾಯುತ್ತದೆ. ೧೯೯೫ರಲ್ಲಿ ಚಿಂದೋಡಿ ಬಂಗಾರೇಶರು ನಿರ್ದೇಶಿಸಿದ 'ಸಂಗೀತಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರವು ಹಂಸಲೇಖರ ಸಂಗೀತದಿಂದ ಜನಮನವನ್ನು ತಟ್ಟಿದುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಗಾನವೇ ಸಾಧನೆಯಾದುದರಿಂದ ವಸ್ತುವಿಗೂ ಮಾಧ್ಯಮಕ್ಕೂ ಹೊಂದಿಕೆ ಸುಲಭವಾಯಿತು. ಅಲ್ಲಮನಲ್ಲಿ ನಾದವು ಆರಂಭ ಮಾತ್ರ. ಆತನ ಸಾಧನೆಯ ಕ್ಷೇತ್ರ ಮಾತು, ಮಾತಿನ ಅಂಚಿನ ಮೌನ.

ನಮ್ಮ ಮುಖ್ಯ ಆಕ್ಷೇಪವಿರುವುದು ಇಲ್ಲಿಯೇ. ಪ್ರಭುದೇವರ ಮಹಿಮೆ ತೋರುವುದು ಸಂವಾದದಲ್ಲಿ. 'ಶೂನ್ಯಸಂಪಾದನೆ'ಯೆಂಬ ಅಪೂರ್ವ ಗ್ರಂಥವು ಆದ್ಯಂತವಾಗಿ ಸಂವಾದರೂಪದಲ್ಲಿದೆ. ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡು ಗೂಳೂರು ಸಿದ್ಧವೀರಣ್ಣೊಡೆಯರವರೆಗೆ ನಾಲ್ವರು ಅದನ್ನು ಸಂಪಾದಿಸಿದರು. ಮುಕ್ತಾಯಕ್ಕನ ದುಃಖದೊಡನೆ, ಸಿದ್ಧರಾಮನ ಕರ್ಮನಿಷ್ಠೆಯೊಡನೆ, ಅಕ್ಕಮಹಾದೇವಿಯ ವೈರಾಗ್ಯದೊಡನೆ, ನುಲಿಯ ಚಂದಯ್ಯನ ಕಾಯಕದೊಡನೆ, ಗೋರಕ್ಷನ ವಜ್ರದೇಹದ ಅಹಂಕಾರದೊಡನೆ ಪ್ರಭುವು ವಾದಿಸುತ್ತಾನೆ, ಕೆಣಕುತ್ತಾನೆ, ಕೆಲವೊಮ್ಮೆ ಸೋತವನಂತೆಯೂ ತೋರುತ್ತಾನೆ. ಇಷ್ಟೆಲ್ಲವನ್ನೂ ಒಂದು ಚಲನಚಿತ್ರದ ಅವಧಿಯಲ್ಲಿ ತುಂಬಿದರೆ ಸಂವಾದವು ಸೂಕ್ತಿಯಾಗಿ ಕುಗ್ಗುವುದು ಅನಿವಾರ್ಯ. 'ಅಲ್ಲಮ' ಚಿತ್ರದಲ್ಲಿ ವಚನಗಳು ತೀರ್ಪಿನಂತೆ ಕೇಳಿಬರುತ್ತವೆ. ಆ ತೀರ್ಪಿಗೆ ಮೊದಲಿನ ವಾದ ನಮಗೆ ದಕ್ಕುವುದಿಲ್ಲ. ಇದು ನಿರ್ದೇಶಕರ ಅಶ್ರದ್ಧೆಯ ಫಲವಲ್ಲ, ಮಾಧ್ಯಮದ ಆಯ್ಕೆಯ ಫಲ. ಒಂದೊಂದು ಕಂತಿಗೆ ಒಬ್ಬೊಬ್ಬ ಶರಣನ ಸಂವಾದದಂತೆ ಇಪ್ಪತ್ತು ಕಂತುಗಳ ಧಾರಾವಾಹಿಯಾಗಿ ಇದು ಬಂದಿದ್ದರೆ! ರಂಗಭೂಮಿ, ಚಲನಚಿತ್ರ, ದೂರದರ್ಶನ ಮೂರನ್ನೂ ಬಲ್ಲ ಈ ಕಲಾವಿದನಿಗಿಂತ ಆ ಕಾರ್ಯಕ್ಕೆ ಅರ್ಹರು ಯಾರಿದ್ದಾರೆ?

ಜಾಹೀರಾತಿನ ದೂರದರ್ಶನ ವಾಹಿನಿಗಳು ಅಂತಹ ಧಾರಾವಾಹಿಗೆ ಎಡೆಗೊಡಲಾರವೆಂದು ಕೆಲವರು ಹೇಳಬಹುದು. ಆದರೆ ಈಗ ಅಂತರಜಾಲವಿದೆ. ಕಂತಿನ ಉದ್ದವನ್ನು ಅಲ್ಲಿ ಯಾರೂ ಗೊತ್ತುಮಾಡುವುದಿಲ್ಲ. ಹೊತ್ತು ಗೊತ್ತೆಂಬ ಕಟ್ಟಳೆಯಿಲ್ಲ. ದಾವಣಗೆರೆಯವನೂ ಡಲ್ಲಾಸಿನವನೂ ಒಂದೇ ಪಂಕ್ತಿಯಲ್ಲಿ ಕುಳಿತು ನೋಡಬಹುದು. ಹೀಗೆ ದೀರ್ಘ ಕೃತಿಗೆ ಅತ್ಯಂತ ಅನುಕೂಲವಾದ ಈ ಮಾಧ್ಯಮವನ್ನು ನಾವು ಅತ್ಯಂತ ಹ್ರಸ್ವವಾದುದಕ್ಕೆ ಬಳಸುತ್ತಿರುವುದು ಕಾಲದ ವೈಪರೀತ್ಯ. ದೋಷವನ್ನು ಅನ್ಯರ ಮೇಲೆ ಹೊರಿಸುವ ಅಧಿಕಾರ ನಮಗಿಲ್ಲ. ಹಿಂದಿನ ಶ್ರಾವಣದಲ್ಲಿ ನಾವು ಒಂದು ತಿಂಗಳು ಪ್ರಭುದೇವರನ್ನು ಕುರಿತು ಪ್ರವಚನ ಮಾಡಿದೆವು. ನಮ್ಮ ಶಿಷ್ಯರೇ ಅದನ್ನು ಒಂದೊಂದು ನಿಮಿಷದ ತುಣುಕುಗಳಾಗಿ ಕತ್ತರಿಸಿ, ಹಿನ್ನೆಲೆಗೆ ವೀಣೆಯನ್ನು ಸೇರಿಸಿ ಹರಿಯಬಿಟ್ಟರು. ಸಭಾಮಂಟಪದಲ್ಲಿ ಇನ್ನೂರು ಜನರು ಕೇಳಿದುದನ್ನು ಸಾವಿರಾರು ಜನರು ನೋಡಿದರೆಂದು ನಾವೂ ಹಿಗ್ಗಿದೆವು. ಬಳಿಕ ಒಬ್ಬ ತರುಣನು ಬಂದು, 'ಬುದ್ಧಿ, ಅಲ್ಲಮನನ್ನು ಪೂರ್ತಿ ಕೇಳಿದೆ' ಎಂದನು. ಎಷ್ಟು ಕೇಳಿದೆಯೆಂದು ವಿಚಾರಿಸಲಾಗಿ, ಆರು ತುಣುಕುಗಳೆಂದನು. ಅವನ ಮುಗ್ಧತೆಗೆ ನಗು ಬಂದಿತು. ನಮ್ಮ ಹಿಗ್ಗನ್ನು ನೆನೆದು ನಾಚಿಕೆಯೂ ಆಯಿತು. ಚಿತ್ರದಲ್ಲಿ ಸಂವಾದವು ಸೂಕ್ತಿಯಾಯಿತೆಂದು ಆಕ್ಷೇಪಿಸುವ ನಾವೇ ನಮ್ಮ ಪ್ರವಚನವನ್ನು ಸೂಕ್ತಿಗಳ ಚೂರಾಗಿಸಿರಲಿಲ್ಲವೆ?

ಆದಕಾರಣ ಈ ವಿಮರ್ಶೆಯ ಅರ್ಧಭಾಗ ಕಲಾವಿದರಿಗೆ, ಉಳಿದರ್ಧ ಮಠಗಳಿಗೆ ಸಲ್ಲತಕ್ಕುದು. ಸಾಣೇಹಳ್ಳಿಯ 'ಶಿವಸಂಚಾರ'ವು ನಾಟಕಗಳನ್ನು ಊರೂರಿಗೆ ಒಯ್ದು, ಮಠವೊಂದು ಕಲೆಗೆ ಆಶ್ರಯವಾಗಬಲ್ಲುದೆಂದು ತೋರಿಸಿದೆ. ತೆರೆಯ ಕಲೆಗೂ ಅಂತಹ ಆಶ್ರಯ ದೊರೆಯಬೇಕು. ಪ್ರಸಾದನಿಲಯಗಳಲ್ಲಿ ತಿಂಗಳಿಗೊಮ್ಮೆ ಒಂದು ಒಳ್ಳೆಯ ಚಿತ್ರವನ್ನು ಆದ್ಯಂತವಾಗಿ ತೋರಿಸಿ, ಮುಗಿದ ಮೇಲೆ ವಿದ್ಯಾರ್ಥಿಗಳು ಅದನ್ನು ಚರ್ಚಿಸುವಂತಾಗಲಿ, 'ಗ್ರಹಣ'ದಿಂದಲೇ ಆರಂಭವಾಗಲಿ. ಪ್ರವಚನಗಳನ್ನು ಅಂತರಜಾಲದಲ್ಲಿ ಕತ್ತರಿಸದೆ ಪೂರ್ಣವಾಗಿ ಇಡಲಿ. ನಮ್ಮ ಮಠದಲ್ಲಿ ಈ ಶ್ರಾವಣದಿಂದ ಹಾಗೆಯೇ ನಡೆಯುವುದೆಂದು ಅಪ್ಪಣೆ ಕೊಟ್ಟಿದ್ದೇವೆ. ನೋಡುವವರು ಕಡಿಮೆಯಾದಾರು. ಆಗಲಿ. ಅನುಭವಮಂಟಪವು ಜನರ ಎಣಿಕೆಯಿಂದ ದೊಡ್ಡದಾದುದಲ್ಲ, ಎದುರು ಕುಳಿತು ಕೊನೆಯವರೆಗೆ ಕೇಳಿದವರಿಂದ ದೊಡ್ಡದಾಯಿತು.

ಐದು ದಶಕಗಳಷ್ಟು ಕಾಲ ಕನ್ನಡದ ದೃಶ್ಯಕಲೆಗೆ ದುಡಿದ ನಾಗಾಭರಣರಿಗೆ ನಾಡು ಋಣಿಯಾಗಿದೆ. ಪ್ರಭುದೇವರ ಮದ್ದಳೆಯನ್ನು ಕೇಳಿಸಿದ ಅವರಿಂದಲೋ, ಅವರ ಹಾದಿಯಲ್ಲಿ ಬರುವ ತರುಣರಿಂದಲೋ, ಪ್ರಭುದೇವರ ಸಂವಾದವೂ ನಮಗೆ ಸಾವಧಾನವಾಗಿ ಕೇಳಿಸುವಂತಾಗಲೆಂದು, ಕೇಳುವ ತಾಳ್ಮೆಯು ನಮ್ಮ ಭಕ್ತವೃಂದದಲ್ಲಿ ಉಳಿಯಲೆಂದು ಹಾರೈಸುತ್ತೇವೆ.