ರಾಷ್ಟ್ರಪತಿ, ಕುಡಿಯರಸುತ್ ತಲೈವರ್: ಬಾಗಲೂರಿನಿಂದ ಕಂಡ ಕಾರ್ಯಾಂಗ

ಹೊಸೂರಿನಿಂದ ಮಾಲೂರಿನ ದಿಕ್ಕಿಗೆ ಹೋಗುವ ದಾರಿಯಲ್ಲಿರುವ ಬಾಗಲೂರಿನಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೀದಿಯ ಮಾತುಗಳು. ಇಲ್ಲಿನ ಕನ್ನಡ ಮನೆಯ ವಿದ್ಯಾರ್ಥಿಗೆ ದೇಶದ ಅತ್ಯುನ್ನತ ಹುದ್ದೆ ಎರಡು ಹೆಸರುಗಳಲ್ಲಿ ಪರಿಚಯವಾಗುತ್ತದೆ: ಕನ್ನಡದಲ್ಲಿ 'ರಾಷ್ಟ್ರಪತಿ', ತಮಿಳಿನಲ್ಲಿ 'ಕುಡಿಯರಸುತ್ ತಲೈವರ್'. ಈ ಹೆಸರುಗಳು ಒಂದೇ ಅರ್ಥವನ್ನು ಹೇಳುವುದಿಲ್ಲ. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳನ್ನು ಸಂವಿಧಾನವು ಈ ಹುದ್ದೆಯ ಹೆಸರಿನಲ್ಲಿಯೇ ಬರೆದಿರುವುದರಿಂದ, ವ್ಯತ್ಯಾಸವು ಕೇವಲ ನಿಘಂಟಿನ ವಿಷಯವಾಗಿ ಉಳಿಯುವುದಿಲ್ಲ.

'ಪತಿ' ಎಂಬಲ್ಲಿ ಒಡೆತನದ ಧ್ವನಿಯಿದೆ. 1930ರ ದಶಕದಲ್ಲಿ ಕಾಂಗ್ರೆಸ್ ಅಧ್ಯಕ್ಷರನ್ನು 'ರಾಷ್ಟ್ರಪತಿ' ಎಂದೇ ಕರೆಯುತ್ತಿದ್ದರು. ನೆಹರೂ ಅವರು 1937ರಲ್ಲಿ 'ಚಾಣಕ್ಯ' ಎಂಬ ಗುಪ್ತನಾಮದಲ್ಲಿ ತಮ್ಮ ಮೇಲೆಯೇ ಬರೆದುಕೊಂಡ ಎಚ್ಚರಿಕೆಯ ಲೇಖನಕ್ಕೆ ಅದೇ ಶೀರ್ಷಿಕೆಯಿತ್ತು. ಸರ್ವಾಧಿಕಾರದ ಭಯವನ್ನು ಹೇಳಲು ಆ ಪದ ಒದಗಿತೆಂಬುದು ಗಮನಾರ್ಹ. ತಮಿಳಿನ ಪದದಲ್ಲಿ 'ಕುಡಿ' ಎಂದರೆ ಪ್ರಜೆ, 'ಅರಸು' ಎಂದರೆ ಆಳ್ವಿಕೆ. ತಲೈವರ್ ಅದರ ಮುಖ್ಯಸ್ಥ ಮಾತ್ರ. ಕನ್ನಡ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಪೆರಿಯಾರರು 1925ರಲ್ಲಿ ಈರೋಡಿನಿಂದ ಹೊರಡಿಸಿದ ವಾರಪತ್ರಿಕೆಯ ಹೆಸರೂ 'ಕುಡಿ ಅರಸು'.

ಹಾಗೆಂದು ತಮಿಳು ಪರಿಭಾಷೆ ಅರಮನೆಯಿಂದ ಪೂರ್ತಿಯಾಗಿ ಹೊರಬಂದಿದೆ ಎನ್ನಲಾಗದು. 'ಅಮೈಚ್ಚರ್' ಎಂಬುದು 'ಅಮಾತ್ಯ'ನ ರೂಪಾಂತರ. ಕನ್ನಡದ 'ಮಂತ್ರಿ', 'ಸಚಿವ'ರೂ ಆಸ್ಥಾನದಿಂದಲೇ ಬಂದವರು. ನಿಜವಾದ ತೊಡಕು ಇಲ್ಲಿದೆ. ಆಸ್ಥಾನದಲ್ಲಿ ಮಂತ್ರಿ ಸಲಹೆ ಹೇಳುತ್ತಾನೆ. ಕೇಳುವುದೂ ಬಿಡುವುದೂ ಅರಸನ ಚಿತ್ತ. ಸಂಸದೀಯ ಗಣರಾಜ್ಯದಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಸಂವಿಧಾನದ 53ನೆಯ ಅನುಚ್ಛೇದವು ಒಕ್ಕೂಟದ ಕಾರ್ಯಾಂಗದ ಅಧಿಕಾರವನ್ನು ರಾಷ್ಟ್ರಪತಿಯಲ್ಲಿ ನಿಹಿತಗೊಳಿಸುತ್ತದೆ. 74ನೆಯದು ಆ ಅಧಿಕಾರ ಮಂತ್ರಿಮಂಡಲದ ನೆರವು ಮತ್ತು ಸಲಹೆಯಂತೆ ನಡೆಯಬೇಕೆನ್ನುತ್ತದೆ. 75ನೆಯದು ಮಂತ್ರಿಮಂಡಲವನ್ನು ಲೋಕಸಭೆಗೆ ಸಾಮೂಹಿಕವಾಗಿ ಹೊಣೆಯಾಗಿಸುತ್ತದೆ. ಇಲ್ಲಿ 'ಸಲಹೆ' ಎಂದರೆ ನಿರ್ಣಯ. ಕನ್ನಡದ ದಿನಬಳಕೆಯಲ್ಲಿ ಆ ಪದಕ್ಕೆ ಅಷ್ಟು ಭಾರವಿಲ್ಲ; ಆದ್ದರಿಂದಲೇ ನಮ್ಮ ಪೌರನೀತಿಯ ಗದ್ಯವನ್ನು ಓದಿದವರಿಗೆ ರಾಷ್ಟ್ರಪತಿಯು ಸಲಹೆಗಾರರನ್ನಿಟ್ಟುಕೊಂಡ ದೊರೆಯಂತೆ ಕಾಣುವುದು. 'ರಾಷ್ಟ್ರಪತಿಗಳು ನೇಮಿಸುತ್ತಾರೆ', 'ರಾಷ್ಟ್ರಪತಿಗಳು ನಿರ್ದೇಶಿಸುತ್ತಾರೆ' ಎಂಬ ಗೌರವ ಬಹುವಚನದ ವಾಕ್ಯಗಳಲ್ಲಿ ವ್ಯಾಕರಣದ ಕರ್ತೃ ಒಬ್ಬರು, ಕೆಲಸ ಮಾಡುವವರು ಬೇರೊಬ್ಬರು.

ಈ ಅಂತರವನ್ನು ಕನ್ನಡಿಗರೊಬ್ಬರೇ ಹುದ್ದೆಯಲ್ಲಿದ್ದು ಅನುಭವಿಸಿದರು. ಫಕ್ರುದ್ದೀನ್ ಅಲಿ ಅಹ್ಮದ್ ಅವರ ನಿಧನದ ಬಳಿಕ, 1977ರ ಫೆಬ್ರವರಿ 11ರಿಂದ ಜುಲೈ 25ರವರೆಗೆ, ಜಮಖಂಡಿ ಸೀಮೆಯ ಬಿ. ಡಿ. ಜತ್ತಿ ಅವರು ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಮೊರಾರ್ಜಿ ದೇಸಾಯಿಯವರ ಮಂತ್ರಿಮಂಡಲವು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಸಲಹೆ ನೀಡಿದಾಗ ಜತ್ತಿಯವರು ಹಿಂಜರಿದರು. ಏಪ್ರಿಲ್ 30ರಂದು ಸಹಿ ಮಾಡಿದರು. ಸಲಹೆ ಬಂಧಕವೆಂದು 1976ರ 42ನೆಯ ತಿದ್ದುಪಡಿ ಆಗಲೇ ಸ್ಪಷ್ಟವಾಗಿ ಬರೆದಿತ್ತು. ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅವಕಾಶ 1978ರ 44ನೆಯ ತಿದ್ದುಪಡಿಯಿಂದ ಬಂದದ್ದು. ಜತ್ತಿಯವರ ಹಿಂಜರಿಕೆಯನ್ನು ದೌರ್ಬಲ್ಯವೆಂದು ಓದುವುದು ಸುಲಭ. ಆದರೆ ಹುದ್ದೆಯ ಹೆಸರಿಗೂ ಹುದ್ದೆಯ ಕೆಲಸಕ್ಕೂ ನಡುವಿನ ಬಿರುಕು ಅಷ್ಟು ನಿಚ್ಚಳವಾಗಿ ಕಂಡ ಸಂದರ್ಭಗಳು ವಿರಳ.

ಬಾಗಲೂರಿಗೆ ಈ ಬಿರುಕು ಮುಟ್ಟುವುದು 350-ಎ ಮತ್ತು 350-ಬಿ ಅನುಚ್ಛೇದಗಳಲ್ಲಿ. 1956ರ ಏಳನೆಯ ತಿದ್ದುಪಡಿ ತಂದ ಇವುಗಳಲ್ಲಿ ಮೊದಲನೆಯದು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು ಹೇಳಿ, ಅದಕ್ಕೆ ತಕ್ಕ ನಿರ್ದೇಶನ ನೀಡುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಡುತ್ತದೆ. ಎರಡನೆಯದು ಭಾಷಾ ಅಲ್ಪಸಂಖ್ಯಾತರ ವಿಶೇಷಾಧಿಕಾರಿಯನ್ನು ರಾಷ್ಟ್ರಪತಿಯು ನೇಮಿಸಬೇಕೆನ್ನುತ್ತದೆ. ರಾಜ್ಯಪಾಲರ ಮೂಲಕ ನಿಗಾ ವಹಿಸಬೇಕೆಂಬ ಶಿಫಾರಸು ರಾಜ್ಯ ಪುನರ್ವಿಂಗಡಣಾ ಆಯೋಗದಿಂದ ಬಂದಿತ್ತು. ಕೇಂದ್ರವು ಅದನ್ನೊಪ್ಪದೆ ಈ ಅಧಿಕಾರಿಯ ಹುದ್ದೆಯನ್ನು ಆರಿಸಿಕೊಂಡಿತು. 1957ರಲ್ಲಿ ಕೆಲಸಕ್ಕೆ ತೊಡಗಿದ ಆ ಕಚೇರಿ ಆಯುಕ್ತರ ಕಚೇರಿಯೆಂದು ಪರಿಚಿತ. ಈಗ ಅದು ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯದ ಅಧೀನದಲ್ಲಿದೆ.

ಅಲ್ಪಸಂಖ್ಯಾತರ ಮನವಿಗಳು 'ರಾಷ್ಟ್ರಪತಿಗಳ ಸನ್ನಿಧಾನಕ್ಕೆ' ಎಂಬ ಒಕ್ಕಣೆಯನ್ನು ಬಿಟ್ಟುಕೊಟ್ಟಿಲ್ಲ. ರಾಜಕೀಯದ ಮೇಲಿರುವ ಒಬ್ಬರು ತಮ್ಮ ಮಾತು ಕೇಳಿಯಾರೆಂಬ ನಂಬಿಕೆ ಆ ಒಕ್ಕಣೆಯ ಹಿಂದಿದೆ. ಆದರೆ ಶಂಷೇರ್ ಸಿಂಗ್ ಪ್ರಕರಣದಲ್ಲಿ 1974ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದಂತೆ, ಸಂವಿಧಾನವು ರಾಷ್ಟ್ರಪತಿಯ 'ಮನವರಿಕೆ'ಯನ್ನು ಕೇಳುವಲ್ಲಿ ಅದು ಮಂತ್ರಿಮಂಡಲದ ಮನವರಿಕೆ. ಮಂತ್ರಿಮಂಡಲ ನಿಂತಿರುವುದು ಲೋಕಸಭೆಯ ಬಹುಮತದ ಮೇಲೆ. ಬಹುಮತದಿಂದ ಕಾಪಾಡಬೇಕಾದ ರಕ್ಷಣೆಯನ್ನು ಬಹುಮತದ ಕೈಗೇ ಒಪ್ಪಿಸಿ, ಮೇಲೆ ರಾಷ್ಟ್ರಪತಿಯ ಹೆಸರು ಬರೆದಂತಾಗಿದೆ. ರಾಜ್ಯವೊಂದರ ಭಾಷಾನೀತಿಗೆ ಎದುರಾಗಿ ನಿರ್ದೇಶನ ಕಳುಹಿಸುವ ರಾಜಕೀಯ ಬೆಲೆಯನ್ನು ಗಡಿಯ ಕೆಲವು ಊರುಗಳ ಮಕ್ಕಳಿಗಾಗಿ ದೆಹಲಿಯ ಯಾವ ಸಂಪುಟವೂ ಸುಲಭವಾಗಿ ತೆರಲಾರದು.

ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ಮೇಲೇರಿ ಹತ್ತನೆಯ ತರಗತಿಯನ್ನು ಮುಟ್ಟಿದಾಗ, ಅಲ್ಪಸಂಖ್ಯಾತ ಭಾಷೆಯ ವಿದ್ಯಾರ್ಥಿಗಳ ಪರವಾಗಿ ಬಾಗಿಲು ತಟ್ಟಿದ್ದು ನ್ಯಾಯಾಲಯದಲ್ಲಿ. 2023ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಮಿಳು ಪತ್ರಿಕೆಯಿಂದ ವಿನಾಯಿತಿ ನೀಡಿದ್ದು ಆ ವರ್ಷದ ಪರೀಕ್ಷೆಯ ಮಟ್ಟಿಗೆ. ತಮಿಳು ಕಲಿಯುವುದರಿಂದ ಬಾಗಲೂರಿನ ಮಕ್ಕಳಿಗೆ ನಷ್ಟವಿಲ್ಲ. ಅವರು ಅದನ್ನು ಬೀದಿಯಲ್ಲೇ ಅರ್ಧ ಕಲಿತಿರುತ್ತಾರೆ. ಕನ್ನಡದ ಶಿಕ್ಷಕರು ಇರುತ್ತಾರೋ ಇಲ್ಲವೋ ಎಂಬುದು ಬೇರೆಯದೇ ಪ್ರಶ್ನೆ. ಒಂದು ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಮಾತೃಭಾಷೆಯ ಶಿಕ್ಷಕರಿರಬೇಕೆಂಬ 1949ರ ಸೂತ್ರ ಪ್ರಾಥಮಿಕ ಶಾಲೆಗೇ ಸಂಬಂಧಿಸಿದ್ದು. ಅದರ ಪಾಲನೆಯನ್ನು ವಿಚಾರಿಸಬೇಕಾದ್ದು ಕಾರ್ಯಾಂಗ.

350-ಬಿಯಲ್ಲಿ ಇನ್ನೊಂದು ಮಾತಿದೆ. ಮನವಿ ಬರೆಯುವವರು ಅದನ್ನು ಓದಿ ಮುಂದೆ ಹೋಗಿಬಿಡುವುದೇ ಹೆಚ್ಚು. ವಿಶೇಷಾಧಿಕಾರಿಯ ವರದಿಗಳನ್ನು ಸಂಸತ್ತಿನ ಎರಡೂ ಸದನಗಳ ಮುಂದಿಡಬೇಕು. ಮಂತ್ರಿಗಳು ಎದ್ದುನಿಂತು ಉತ್ತರಿಸಬೇಕಾದ ಸ್ಥಳ ಅದು. ಬಾಗಲೂರಿನವರು ಕೃಷ್ಣಗಿರಿ ಕ್ಷೇತ್ರದಿಂದ ಲೋಕಸಭೆಗೆ ಒಬ್ಬರನ್ನು ಕಳುಹಿಸುತ್ತಾರೆ. ಸನ್ನಿಧಾನಕ್ಕೆ ಹೋಗುವ ಮನವಿಯ ಒಂದು ಪ್ರತಿ ಅವರ ಕೈಗೂ ಹೋಗಬೇಕು, ಅದೂ ಪ್ರಶ್ನೋತ್ತರ ವೇಳೆಯಲ್ಲಿ ಕೇಳಬಹುದಾದ ಪ್ರಶ್ನೆಯ ರೂಪದಲ್ಲಿ.